ಹನ್ನೆರಡು ಮೀನು

ಮೀನು ಸತ್ತರೆ ಪಂಪು ನಿಲ್ಲಿಸಬೇಕು. ಊರಿಗೆ ನೀರು ಕಳಿಸುವ ಪಂಪ್‌ಹೌಸಿನ ಬಾಗಿಲ ಪಕ್ಕ ಬೋರ್ಡಿನಲ್ಲಿ ಹಾಗಂತ ಬರೆದಿತ್ತು. ಕೆಂಪು ಅಕ್ಷರ. ಬೋರ್ಡಿನ ಕೆಳಗೆ ಒಂದು ಗಾಜಿನ ತೊಟ್ಟಿ. ಹೊಳೆಯ ನೀರಿನ ಬೆರಳು ಗಾತ್ರದ ಒಂದು ಧಾರೆ ಆ ತೊಟ್ಟಿಗೆ ಬಂದು, ಹನ್ನೆರಡು ಮೀನಿನ ಮೈ ಸವರಿ, ಇನ್ನೊಂದು ಕೊಳವೆಯಿಂದ ಹೊರಗೆ ಸುರಿಯುತ್ತಿತ್ತು. ಹನ್ನೆರಡರಲ್ಲಿ ಎರಡು ಹೊಟ್ಟೆ ಮೇಲೆ ಮಾಡಿದರೂ ಸಾಕು, ಕೆಲಸದಲ್ಲಿದ್ದವರು ಯಾರೇ ಆಗಲಿ, ಯಾರನ್ನೂ ಕೇಳದೆ ಪಂಪು ನಿಲ್ಲಿಸಬೇಕು. ಬೋರ್ಡು ಹೇಳುವುದು ಇಷ್ಟು.

ಬೋರ್ಡಿಗೇನು, ಗೋಡೆಗೆ ಮೊಳೆ ಹೊಡೆದರೆ ನಿಲ್ಲುತ್ತದೆ. ಸತ್ತ ಮೀನು ಎತ್ತುವುದು, ತೊಟ್ಟಿ ತಿಕ್ಕುವುದು, ಹೊಸ ಮೀನು ಹಿಡಿದು ತರುವುದು ಎಲ್ಲ ಪಾಚಿಯ ತಲೆಗೆ.

ಪಾಚಿ ಅಂತ ಅವಳಿಗೆ ಹೆಸರಿಟ್ಟವನು ಲ್ಯಾಬ್ ಸಾಹೇಬ. ನೀರು ಪರೀಕ್ಷೆಯ ಕೋಣೆ ಅವನದು. ಅವಳ ಕೆಲಸ ಜಾಲರಿ ತೊಳೆಯುವುದು. ಹೊಳೆ ನೀರು ಪಂಪಿಗೆ ನುಗ್ಗುವ ಬಾಯಿಗೆ ಆಳೆತ್ತರದ ಕಬ್ಬಿಣದ ಜಾಲರಿ. ದಿನಕ್ಕೆ ನಾಲ್ಕು ಸಲ ಸೊಂಟದ ತನಕ ನೀರಿಗೆ ಇಳಿಯಬೇಕು. ಕಬ್ಬಿಣದ ಹಲ್ಲಿರುವ ಕೋಲಿನಿಂದ ಜೊಂಡು, ಪಾಚಿ, ಪ್ಲಾಸ್ಟಿಕ್ಕು, ಕೊಳೆತ ಕೊಂಬೆ ಎಲ್ಲ ಕೆರೆದು ದಡಕ್ಕೆ ಎಳೆಯಬೇಕು. ಒದ್ದೆ ಜೊಂಡು ಹೆಣದಷ್ಟು ಭಾರ. ಭುಜ ಕಳಚಿ ಕೈಗೆ ಬಂದಂತಾಗುತ್ತದೆ. ಕಾಲ್ಬೆರಳ ಸಂದಿ ಬಿಳಿಚಿ, ಬಿರಿದು, ರಕ್ತ ಒಸರುತ್ತದೆ. ಈ ಕೆಲಸಕ್ಕೆ ಸೇರಿ ಹದಿನಾರು ವರ್ಷ. ಅವಳ ಸೀರೆಯ ಅಂಚು ಒಣಗಿದ್ದನ್ನು ನೋಡಿದವರಿಲ್ಲ.

"ಏ ಪಾಚಿ! ಒದ್ದೆ ಕಾಲಲ್ಲಿ ಒಳಗೆ ಬರ್ಬೇಡ! ನೆಲ ಯಾರು ಒರೆಸೋರು, ನಿಮ್ಮಪ್ಪಾನಾ?" ಅಂತ ಲ್ಯಾಬ್ ಸಾಹೇಬ ದಿನಾ ಕೂಗುತ್ತಿದ್ದ.

ನೆಲ ಒರೆಸುವವಳೂ ಅವಳಿರುವ ಲೈನ್ ಮನೆಗಳವಳೇ. ಆದರೂ ಪಾಚಿ ಆ ಹೊಸಿಲು ದಾಟಿದವಳಲ್ಲ. ಪಂಪಿನ ಕೋಣೆಗೂ ಇಲ್ಲ, ಆಫೀಸಿಗೂ ಇಲ್ಲ. ಟೀ ಕೂಡ ಕಿಟಕಿಯಿಂದ ಕೈಗೆ ಬರುತ್ತಿತ್ತು. ಲೋಟ ತೊಳೆದು ಕಿಟಕಿಯ ಹೊರಗೇ ಬೋರಲು ಹಾಕಬೇಕು.

ಓದಿದವರಿಗೆ ಪೇಪರು, ಪಾಚಿಗೆ ಜಾಲರಿ. ಹೊಳೆಯ ಮೇಲ್ಗಡೆ ಏನೇ ನಡೆಯಲಿ, ಎರಡು ಗಂಟೆಯೊಳಗೆ ಜಾಲರಿಗೆ ಬಂದು ಅಂಟುತ್ತದೆ. ನೀರುಹಾವಿನ ಪೊರೆ ಸಿಕ್ಕರೆ ಸೆಖೆ ಶುರು. ಕಪ್ಪೆಮೊಟ್ಟೆಯ ಲೋಳೆ ಬಂದರೆ ಮಳೆ ಹತ್ತಿರ. ಒಂದು ಸಲ ನೀರುನಾಯಿಯ ಮರಿ ಸಿಕ್ಕಿಕೊಂಡು ಅವಳ ಬೆರಳು ಕಚ್ಚಿ ಪಾರಾಗಿತ್ತು. ಆ ಗಾಯ ತೋರಿಸಿಕೊಂಡು ಅವಳು ಲೈನೆಲ್ಲ ಸುತ್ತಿದ್ದಳು. "ನೋಡ್ರೇ, ಸಾಹೇಬ್ರು ಕೂಡ ಮುಟ್ಟಲ್ಲ ನನ್ನ. ಇದು ಮುತ್ತು ಕೊಟ್ಟು ಹೋಯ್ತು!"

ಈ ವರ್ಷ ಜಾಲರಿಯ ಸುದ್ದಿ ಬೇರೆ. ಬಾಯಿ ತೆರೆದ ಕಪ್ಪೆಚಿಪ್ಪುಗಳು ರಾಶಿ ರಾಶಿ. ಕಾಲು ಚಾಚಿಕೊಂಡು ಸತ್ತ ಕಪ್ಪೆಗಳು. ಆಮೇಲೆ ಅವೂ ಇಲ್ಲ. ದಡದಲ್ಲಿ ಒಂಟಿಕಾಲಲ್ಲಿ ನಿಲ್ಲುತ್ತಿದ್ದ ಕೊಕ್ಕರೆಗಳು ಜಾಗ ಖಾಲಿ ಮಾಡಿದವು. ಮಿಂಚುಳ್ಳಿ ಒಂದೇ ತಂತಿಯ ಮೇಲೆ ಕೂತು, ನೀರು ನೋಡಿ ನೋಡಿ, ಧುಮುಕದೆ ಹಾರಿಹೋಯಿತು. ಮೇಲ್ಗಡೆ ಎರಡು ಮೈಲಿಯಲ್ಲಿ ಚರ್ಮ ಹದಮಾಡುವ ಕಾರ್ಖಾನೆ ಶುರುವಾಗಿ ವರ್ಷವಾಗಿತ್ತು. ಈಚೆಗೆ ವಾರಕ್ಕೊಂದೆರಡು ದಿನ ಹೊಳೆ ಟೀ ಬಣ್ಣಕ್ಕೆ ತಿರುಗುತ್ತಿತ್ತು. ಪಾಚಿಯ ತೊಡೆ, ಹೊಟ್ಟೆ ಎಲ್ಲ ತುರಿಕೆ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಮಾತಾಡುವಾಗಲೂ ಕೆರೆಯುತ್ತಲೇ ಇರುತ್ತಿದ್ದಳು.

"ಏನೇ ಅದು, ಕಜ್ಜಿ ಹತ್ತಿದ ನಾಯಿ ಹಾಗೆ?" ಅಂತ ಲ್ಯಾಬ್ ಸಾಹೇಬ ಕಿಟಕಿಯಿಂದ ನಗುತ್ತಿದ್ದ.

ಹೊಳೆ ಬಣ್ಣ ತಿರುಗಿದ ಮೊದಲ ದಿನ ತೊಟ್ಟಿಯಲ್ಲಿ ಒಂಬತ್ತು ಮೀನು ಸತ್ತವು. ಪಾಚಿ ಓಡಿದಳು. ಹೊಸಿಲ ಹೊರಗೇ ನಿಂತು ಕೂಗಿದಳು.

"ಸಾರ್! ಮೀನು! ಪಂಪು ನಿಲ್ಸಿ ಸಾರ್!"

ಲ್ಯಾಬ್ ಸಾಹೇಬ ಬಂದು ನೋಡಿದ. ಕೈ ಹಿಂದೆ ಕಟ್ಟಿಕೊಂಡು ತೊಟ್ಟಿಗೆ ಒಂದು ಸುತ್ತು ಬಂದ. ಪರೀಕ್ಷೆಗೆ ಬೇಕಾದ ಔಷಧಿಗಳು ಮುಗಿದು ವರ್ಷವಾಗಿತ್ತು. ಇರುವುದೇ ಈ ಹನ್ನೆರಡು ಮೀನು.

"ಬದಲಾಯ್ಸು."

"ಸಾರ್, ಬೋರ್ಡು..."

"ಬೋರ್ಡು ಓದೋಕೆ ನಿನ್ನ ಇಟ್ಕೊಂಡಿಲ್ಲ. ಪಂಪು ನಿಂತ್ರೆ ಯಾಕೆ ನಿಲ್ತು ಅಂತ ಮೇಲಿನವ್ರಿಗೆ ಬರೀಬೇಕು. ಬರೆದ್ರೆ ಕಾರ್ಖಾನೆ ಹೆಸರು ಬರುತ್ತೆ. ಆ ಹೆಸರು ನನ್ನ ಕೈಯಿಂದ ಬರಬಾರ್ದು. ಅರ್ಥ ಆಯ್ತಾ? ಹೋಗು, ಬೇರೆ ತಂದು ಹಾಕು."

ಬೇರೆ ತರಬೇಕೆಂದರೆ ಒಂದು ಮೈಲಿ ನಡೆಯಬೇಕು. ಗುಡ್ಡದ ಬುಡದಲ್ಲಿ ಚಿಲುಮೆಯ ಹೊಂಡ. ಹೊಳೆಗೂ ಅದಕ್ಕೂ ಸಂಬಂಧವಿಲ್ಲ. ತಳದ ಕಲ್ಲು ಎಣಿಸಬಹುದು, ಅಷ್ಟು ತಿಳಿ. ಅಲ್ಲಿ ಬೆರಳುದ್ದದ ಬಿಳಿ ಮೀನುಗಳು. ಸೀರೆಯ ಸೆರಗಿನಲ್ಲಿ ಗೋರಿ, ಬಕೆಟ್ಟಿಗೆ ಹಾಕಿ, ನೀರು ಚೆಲ್ಲದಂತೆ ತಲೆಯ ಮೇಲೆ ಹೊತ್ತು ತರಬೇಕು. ತಂದು ಹಾಕಿದಳು. ನಾಲ್ಕು ದಿನಕ್ಕೆ ಸತ್ತವು. ಮತ್ತೆ ತಂದಳು. ಮತ್ತೆ ಸತ್ತವು. ಹೀಗೇ ಆರು ಸಲ. ಸಾಯುವಾಗ ಅವು ಗಾಜಿಗೆ ಮೂತಿ ಕುಟ್ಟುತ್ತಿದ್ದವು. ಟಿಕ್, ಟಿಕ್, ಟಿಕ್. ಆ ಸದ್ದು ಅವಳ ಕಿವಿಯಲ್ಲಿ ಕೂತುಬಿಟ್ಟಿತ್ತು.

ಏಳನೇ ಸಲ ಪಾಚಿ ಚಿಲುಮೆಗೆ ಹೋಗಲಿಲ್ಲ. ತೋಳು ಎತ್ತಲು ಬರುತ್ತಿರಲಿಲ್ಲ. ಪಂಪ್‌ಹೌಸಿನ ಹಿಂದಿನ ಚರಂಡಿಯ ಕೆಸರಿಗೆ ಕೈ ಹಾಕಿದಳು. ಕಪ್ಪು ಮೀನುಗಳು, ಮೀಸೆ ಇದ್ದವು, ಕೈಯಿಂದ ಜಾರುವಂಥವು. ಎಷ್ಟು ಹೊತ್ತು ದಡದಲ್ಲಿ ಬಿಟ್ಟರೂ ಮಿಸುಕಾಡುವ ಗಟ್ಟಿ ಜೀವ. ಹನ್ನೆರಡನ್ನು ಹಿಡಿದು ತೊಟ್ಟಿಗೆ ಹಾಕಿದಳು. ನೀರು ಬಣ್ಣ ತಿರುಗಿತು. ಮೀನು ಸಾಯಲಿಲ್ಲ. ಇನ್ನೊಂದು ವಾರ ಕಳೆಯಿತು. ಸಾಯಲಿಲ್ಲ. ಪಾಚಿ ಅವಕ್ಕೆ ಕೈಮುಗಿದಳು.

ಲ್ಯಾಬ್ ಸಾಹೇಬ ತೊಟ್ಟಿಯ ಮುಂದೆ ನಿಂತ. ಬಗ್ಗಿ ನೋಡಿದ. ಅವಳ ಕಡೆ ತಿರುಗಿ ಮೊದಲ ಸಲ ನೆಟ್ಟಗೆ ನಕ್ಕ.

"ಭೇಷ್ ಪಾಚಿ. ಎಂಥಾ ಮೀನು ತಂದಿದ್ದೀಯ! ಇವೇ ಇರ್ಲಿ."

ಅವತ್ತು ಟೀ ಜೊತೆ ಎರಡು ಬಿಸ್ಕತ್ತೂ ಬಂತು. ಕಿಟಕಿಯಿಂದಲೇ.

ಈಗ ಲೈನ್ ಮನೆಯ ವಿಷಯ ಹೇಳಬೇಕು. ಪಂಪ್‌ಹೌಸಿನ ಕಾಂಪೌಂಡಿಗೆ ಅಂಟಿಕೊಂಡು ಹನ್ನೊಂದು ಮನೆ. ಜಾಲರಿ ತೊಳೆಯುವವರು, ಹೂಳು ಎತ್ತುವವರು, ಕೊಳವೆ ಅಗೆಯುವವರು. ಇಡೀ ಊರಿಗೆ ನೀರು ಹೋಗುವ ದೊಡ್ಡ ಕೊಳವೆ ಈ ಮನೆಗಳ ಅಡಿಯಿಂದಲೇ ಹಾಯುತ್ತದೆ. ನೆಲಕ್ಕೆ ಕಿವಿ ಇಟ್ಟರೆ ಗುಡುಗುಡು ಅಂತ ಕೇಳುತ್ತದೆ. ಆದರೆ ಹನ್ನೊಂದು ಮನೆಗೆ ಒಂದು ನಲ್ಲಿ ಇಲ್ಲ. ದೀಪದ ಬುಡ ಕತ್ತಲೆ ಅಂತಾರಲ್ಲ, ಇದು ನಲ್ಲಿಯ ಬುಡ. ಅರ್ಜಿ ಕೊಟ್ಟು ಕೊಟ್ಟು ಬೆರಳು ಸವೆದವು. "ನೀವು ಪಕ್ಕಾ ಮನೆಯವರಲ್ಲ, ನಿಮಗೆ ಕನೆಕ್ಷನ್ ಬರಲ್ಲ" ಅಂತ ಒಂದೇ ಮಾತು. ಹಾಗಾಗಿ ಅವರು ಮೀನಿನ ತೊಟ್ಟಿಯಿಂದ ಹೊರಗೆ ಸುರಿಯುವ ಕೊಳವೆಗೆ ಕೊಡ ಹಿಡಿಯುತ್ತಿದ್ದರು. ಹಿಡಿಯುವ ಮುಂಚೆ ತೊಟ್ಟಿ ನೋಡುತ್ತಿದ್ದರು. ಮೀನು ಆಡುತ್ತಿದ್ದರೆ ಕೊಡ ತುಂಬು. ಸತ್ತಿದ್ದರೆ ಕೊಡ ಹೊತ್ತು ಚಿಲುಮೆಗೆ ನಡೆ. ಇದು ಪಾಚಿಯ ಅತ್ತೆ ಮಾಡಿದ ನಿಯಮ. ಅವಳಿಗಿಂತ ಮೊದಲು ಮೂವತ್ತು ವರ್ಷ ಜಾಲರಿ ತೊಳೆದವಳು ಅತ್ತೆಯೇ. "ಸಾಹೇಬ್ರು ಸುಳ್ಳು ಹೇಳ್ತಾರೆ, ಮೀನು ಹೇಳಲ್ಲ" ಅನ್ನುತ್ತಿದ್ದಳು.

ಕಪ್ಪು ಮೀನು ಬಂದ ಮೇಲೆ ಯಾರೂ ಚಿಲುಮೆಗೆ ನಡೆಯಲಿಲ್ಲ. ದಿನಾ ಮೀನು ಜೀವಂತ. ದಿನಾ ಕೊಡ ತುಂಬಿತು.

ಒಂದು ತಿಂಗಳಿಗೆ ಲೈನಿನ ಏಳು ಮನೆಯಲ್ಲಿ ಜನ ಮಲಗಿದರು. ವಾಂತಿ, ಹೊಟ್ಟೆ ಹಿಂಡುವ ನೋವು, ಬಾಯಿತುಂಬ ಹುಣ್ಣು. ಹೂಳೆತ್ತುವವನ ಹೆಂಡತಿಯ ಕೈಯ ಚರ್ಮ ಹಾಳೆಹಾಳೆಯಾಗಿ ಕಿತ್ತು ಬಂತು. ಅತ್ತೆ ಮಂಚ ಹಿಡಿದಳು. ಗಂಜಿ ಕೂಡ ನಿಲ್ಲದು. ಆಸ್ಪತ್ರೆಯ ಡಾಕ್ಟರು ಕಣ್ಣು ನೋಡಿ, ನಾಲಗೆ ನೋಡಿ, "ಯಾವ ನೀರು ಕುಡೀತೀರಿ?" ಅಂದರು.

"ಮೀನು ಬದುಕಿರೋ ನೀರು, ಡಾಕ್ಟ್ರೇ" ಅಂದಳು ಪಾಚಿ, ಹೆಮ್ಮೆಯಿಂದ.

"ನೀರು ಬದಲಾಯ್ಸಿ" ಅಂದರು ಡಾಕ್ಟರು. ರವಿಕೆ ಬದಲಾಯಿಸಿ ಅಂದಷ್ಟು ಸುಲಭವಾಗಿ.

ಅತ್ತೆಗೆ ಅನುಮಾನ ಹತ್ತಿತು. ಮಾರನೆಯ ದಿನ ಸಂಜೆ ಸೊಸೆಯ ಹೆಗಲು ಹಿಡಿದು, ಹೆಜ್ಜೆಗೊಮ್ಮೆ ಕೂತು ಎದ್ದು, ತೊಟ್ಟಿಯ ಹತ್ತಿರ ಬಂದಳು. ಮೂಗು ಗಾಜಿಗೆ ತಾಗುವ ಹಾಗೆ ಬಗ್ಗಿದಳು. ಒಂದು ಕಪ್ಪು ಮೀನು ಮೆಲ್ಲಗೆ ಮೇಲೆ ಬಂತು, ನೀರಿನಾಚೆ ಬಾಯಿ ತೆಗೆದು ಗಾಳಿ ನುಂಗಿತು, ಕೆಳಗೆ ಹೋಯಿತು.

"ಇದ್ಯಾವ ಮೀನೇ?"

"ಗಟ್ಟಿ ಮೀನು ಅತ್ತೆ. ಚರಂಡೀದು. ಒಂದೂ ಸತ್ತಿಲ್ಲ."

ಅತ್ತೆ ಗಾಜಿನಿಂದ ಮೂಗು ತೆಗೆದಳು. ತಿರುಗಿ ಸೊಸೆಯ ಕೆನ್ನೆಗೆ ಬಾರಿಸಿದಳು.

"ಮುಠ್ಠಾಳಿ! ಇದು ಕೆಸರಲ್ಲಿ ಹೂತ್ಕೊಂಡು ಬೇಸಿಗೆ ಕಳೆಯೋ ಜಾತಿ ಕಣೇ! ನೀರು ಕೆಟ್ರೆ ಮೇಲೆ ಬಂದು ಗಾಳಿ ಕುಡಿಯುತ್ತೆ. ಇದಕ್ಕೆ ನೀರಿನ ಹಂಗೇ ಇಲ್ಲ! ಗೊರಕೆ ಹೊಡೆಯೋನನ್ನ ಕಾವಲಿಗೆ ಕೂರ್ಸಿದ್ದೀಯಲ್ಲೇ!"

"ಅವು ಸಾಯೋದು ನೋಡೋಕಾಗ್ಲಿಲ್ಲ ಅತ್ತೆ..."

"ಸಾಯೋದೇ ಅವುಗಳ ಕೆಲಸ! ನಮಗಿಂತ ಮೊದ್ಲು ಸಾಯ್ಲಿ ಅಂತಾನೇ ಇಟ್ಟಿರೋದು. ನೀನು ಮೀನು ಉಳಿಸಿದೆ. ನಮ್ಮನ್ನ ಸಾಯೋ ಸಾಲಲ್ಲಿ ನಿಲ್ಸಿದೆ."

ಪಾಚಿ ಅಳಲಿಲ್ಲ. ಅಳುವುದಕ್ಕೆ ನಿಂತಲ್ಲಿ ನಿಲ್ಲಬೇಕು, ಅವಳಿಗೆ ನಿಲ್ಲಲಾಗಲಿಲ್ಲ. ಹನ್ನೊಂದು ಮನೆಯ ಬಾಗಿಲೂ ತಟ್ಟಿದಳು. "ಆ ನೀರು ಮುಟ್ಬೇಡಿ. ತಪ್ಪು ನಂದು." ಒಬ್ಬರು ಬೈದರು. ಒಬ್ಬರು ಬಾಗಿಲು ಹಾಕಿದರು. ಹೂಳೆತ್ತುವವನು ತುಂಬಿದ ಕೊಡವನ್ನು ಅವಳ ಕಾಲ ಬಳಿಯೇ ಬೋರಲು ಹಾಕಿದ. ಪಾಚಿ ಬೆಳಗಿನ ತನಕ ಕಣ್ಣು ಮುಚ್ಚಲಿಲ್ಲ. ಬೆಳಕು ಹರಿಯುತ್ತಲೇ ಕಿಟಕಿಯ ಕೆಳಗೆ ಹೋಗಿ ನಿಂತಳು.

"ಸಾರ್, ತಪ್ಪಾಯ್ತು ಸಾರ್. ಆ ಮೀನು ಬೇಡ. ಅವು ಕೆಟ್ಟ ನೀರಲ್ಲೂ ಸಾಯಲ್ವಂತೆ. ನಂಗೆ ಗೊತ್ತಿರ್ಲಿಲ್ಲ."

ಲ್ಯಾಬ್ ಸಾಹೇಬ ಬಾಟಲಿ ಎತ್ತಿ ಎರಡು ಗುಟುಕು ನೀರು ಕುಡಿದ. ಅಂಗಡಿಯಿಂದ ತಂದ ಬಾಟಲಿ.

"ನಿಂಗೆ ಗೊತ್ತಿರ್ಲಿಲ್ಲ" ಅಂದ. "ಓದಿದೋನಿಗೆ ಗೊತ್ತಿರಲ್ವಾ?"

ಪಾಚಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಆ ಬಿಸ್ಕತ್ತು ಯಾಕೆ ಬಂದಿತ್ತು ಅಂತ ತಿಳಿಯಿತು.

"ಗೊತ್ತಿದ್ದೂ... ಸಾರ್, ನಮ್ಮ ಲೈನವ್ರು ಅದೇ ನೀರು ಕುಡಿಯೋದು."

"ಅದು ನಂಗೇನು ಗೊತ್ತು?"

"ದಿನಾ ನಿಮ್ಮ ಕಿಟಕಿ ಮುಂದೇನೇ ತುಂಬ್ತೀವಲ್ಲ!"

"ನಾನು ಕಿಟಕಿಯಿಂದ ನೋಡ್ತಾ ಕೂರಲ್ಲ. ಕೆಲಸ ಇದೆ." ಬಾಟಲಿಯ ಮುಚ್ಚಳ ತಿರುಗಿಸಿದ. "ಮೀನು ಹಾಗೇ ಇರ್ಲಿ. ಹೋಗು, ಜಾಲರೀಲಿ ಕಸ ಕಟ್ಟಿದೆ."

ಪಾಚಿ ಹೋದಳು. ಜಾಲರಿಗಲ್ಲ, ತೊಟ್ಟಿಗೆ. ಹನ್ನೆರಡು ಕಪ್ಪು ಮೀನನ್ನೂ ಬಕೆಟ್ಟಿಗೆ ತುಂಬಿ ಚರಂಡಿಗೆ ಸುರಿದಳು. ಚಿಲುಮೆಗೆ ನಡೆದಳು. ಹನ್ನೆರಡು ಬಿಳಿ ಮೀನು ಹೊತ್ತು ತಂದಳು. ಲ್ಯಾಬ್ ಸಾಹೇಬ ಆ ದಿನ ಹೊರಗೆ ಬರಲೇ ಇಲ್ಲ. ಮೀನು ಜೀವಂತ ಇರುವ ತನಕ ಅವನಿಗೆ ತೊಟ್ಟಿ ನೋಡುವ ಅಭ್ಯಾಸವಿರಲಿಲ್ಲ.

ಒಂದು ದಿನ ಏನೂ ಆಗಲಿಲ್ಲ. ಎರಡನೇ ದಿನವೂ ಇಲ್ಲ. ಪಾಚಿ ಜಾಲರಿಗೆ ಇಳಿಯುವುದು, ಹತ್ತುವುದು, ತೊಟ್ಟಿಗೆ ಓಡುವುದು. ಊಟದ ಡಬ್ಬಿ ತೆರೆದು ಮುಚ್ಚಿದಳು. ಪಂಪು ನಡೆಸುವವನನ್ನು ಎಲ್ಲರೂ ಪಂಪಣ್ಣ ಅನ್ನುತ್ತಿದ್ದರು. ನಿವೃತ್ತಿಗೆ ಎರಡೇ ವರ್ಷ ಉಳಿದ, ಯಾರ ಗೋಜಿಗೂ ಹೋಗದ ಮನುಷ್ಯ. ಅವನು ಬೀಡಿ ಹಚ್ಚಿಕೊಂಡು ನೋಡುತ್ತಿದ್ದ.

"ಏನಮ್ಮಾ, ಮದುವೆ ಮನೆ ಬೀಗಿತ್ತಿ ಥರ ಓಡಾಡ್ತಿದ್ದೀಯ. ಒಂದು ಕಡೆ ಕೂತ್ಕೋಬಾರ್ದಾ?"

"ಅಣ್ಣಾ, ಮೀನು ಸತ್ರೆ ನೀನು ಪಂಪು ನಿಲ್ಸ್ತೀಯಾ?"

ಅವನು ಬೀಡಿಯ ತುದಿ ನೋಡಿದ. "ಸಾಹೇಬ್ರು ಹೇಳಿದ್ರೆ ನಿಲ್ಸ್ತೀನಿ."

"ಹೇಳ್ದಿದ್ರೆ?"

"ಪೆನ್ಷನ್ ಇದೆ ಕಣಮ್ಮಾ ನಂಗೆ."

ಮೂರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ನೀರಿನ ವಾಸನೆ ತಿರುಗಿತು. ಪಾಚಿ ಜಾಲರಿಯಲ್ಲಿದ್ದಳು. ಮೊದಲು ಗಾಯಗಳು ಉರಿದವು. ಕೋಲು ಬಿಸಾಡಿ ದಡ ಹತ್ತಿದಳು. ತೊಟ್ಟಿಯ ನೀರು ಟೀ ಬಣ್ಣ. ಬಿಳಿ ಮೀನುಗಳು ಗಾಜಿಗೆ ಮೂತಿ ಕುಟ್ಟುತ್ತಿದ್ದವು. ಒಂದು ಓರೆಯಾಯಿತು. ಇನ್ನೊಂದು. ಆಮೇಲೆ ಎಣಿಸುವ ಹಾಗಿರಲಿಲ್ಲ.

"ಸಾರ್!"

ಲ್ಯಾಬ್ ಸಾಹೇಬ ಬಂದ. ನೋಡಿದ. ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು.

"ಯಾರೇ ಈ ಮೀನು ಹಾಕಿದ್ದು?"

"ನಾನು."

"ಬದಲಾಯ್ಸು."

"ಇಲ್ಲ."

ಆ ಮಾತು ಅವಳ ಬಾಯಿಂದ ಬಂದದ್ದು ಅವಳಿಗೇ ಆಶ್ಚರ್ಯ. ಹದಿನಾರು ವರ್ಷದಲ್ಲಿ 'ಆಗ್ಲಿ ಸಾರ್' ಅಂದಿದ್ದಳು, 'ತಪ್ಪಾಯ್ತು ಸಾರ್' ಅಂದಿದ್ದಳು. ಇಲ್ಲ ಅಂದಿರಲಿಲ್ಲ.

"ಏನಂದೆ?"

"ಇಲ್ಲ ಅಂದೆ. ನಾನು ಬದಲಾಯ್ಸಲ್ಲ. ಸತ್ತಿವೆ. ಸತ್ತ ಹಾಗೇ ಇರ್ಲಿ. ಪಂಪು ನಿಲ್ಸಿ."

"ಕೆಲಸ ಹೋಗುತ್ತೆ ನಿಂದು!"

"ಹೋಗ್ಲಿ."

"ನಿಮ್ಮ ಹನ್ನೊಂದು ಮನೇನೂ ಎತ್ತಿಸ್ತೀನಿ!"

"ಮಲಗಿದಾರೆ ಜನ. ನೀವೇ ಬಂದು ಒಬ್ಬೊಬ್ಬರನ್ನ ಎತ್ತಿ. ಮುಟ್ಟೋಕಾದ್ರೆ."

ಅವನು ತೊಟ್ಟಿಯ ಪಕ್ಕ ತೂಗುಹಾಕಿದ್ದ ಬಲೆಯನ್ನು ತಾನೇ ಕಿತ್ತುಕೊಂಡ. ತೊಟ್ಟಿಗೆ ಕೈ ಹಾಕಿದ. ನೀರು ಬೆರಳಿಗೆ ತಾಗಿದ್ದೇ ಸರಕ್ಕನೆ ಕೈ ಹಿಂದಕ್ಕೆಳೆದು ಪ್ಯಾಂಟಿಗೆ ಒರೆಸಿದ. ಒರೆಸಿದ. ಮತ್ತೆ ಒರೆಸಿದ. ಪಾಚಿ ಆ ಕೈಯನ್ನೇ ನೋಡಿದಳು. ಇದೇ ನೀರಿನಲ್ಲಿ ಅವಳು ದಿನಕ್ಕೆ ನಾಲ್ಕು ಸಲ ಸೊಂಟದ ತನಕ ನಿಂತಿದ್ದಳು. ಇದೇ ನೀರು ಈ ಗಳಿಗೆ ಅವಳ ಕಾಲಡಿಯ ಕೊಳವೆಯಲ್ಲಿ ಊರಿಗೆ ಓಡುತ್ತಿತ್ತು.

ಅವಳು ತಿರುಗಿದಳು. ಪಂಪಿನ ಕೋಣೆಯ ಹೊಸಿಲು ದಾಟಿದಳು. ಒದ್ದೆ ಕಾಲು, ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಜೊಂಡಿನ ಎಳೆಯೊಂದು ಮಂಡಿಗೆ ಅಂಟಿತ್ತು. ಒಳಗೆ ಕಿವಿ ಕಿತ್ತುಹೋಗುವ ಸದ್ದು. ಮೂರು ಮೋಟಾರು, ಮೂರಕ್ಕೂ ಒಂದೊಂದು ಕೆಂಪು ಗುಂಡಿ. ಪಂಪಣ್ಣ ಎದ್ದು ನಿಂತ.

"ಅಮ್ಮಾ, ಕರೆಂಟು! ಒದ್ದೆ ಕೈಯಲ್ಲಿ ಮುಟ್ಬೇಡ, ಸತ್ತೋಗ್ತೀಯ!"

"ಹಾಗಾದ್ರೆ ಒಣ ಕೈ ಇರೋನು ನೀನು ಒತ್ತು."

ಬಾಗಿಲಲ್ಲಿ ಲ್ಯಾಬ್ ಸಾಹೇಬ ಕಿರುಚುತ್ತಿದ್ದ. ಏನು ಅಂತ ಮೋಟಾರಿನ ಸದ್ದಿಗೆ ಕೇಳಲಿಲ್ಲ. ಪಂಪಣ್ಣ ಅವನ ಬಾಯಿ ನೋಡಿದ. ಪಾಚಿಯ ಕಾಲು ನೋಡಿದ. ಬಿರಿದ ಬೆರಳ ಸಂದಿಯಿಂದ ಒಸರಿದ ರಕ್ತ ನೆಲದ ನೀರಿನಲ್ಲಿ ಹರಡುತ್ತಿತ್ತು. ಅವನ ಕೈ ಮೇಲೆ ಬಂತು, ಅರ್ಧಕ್ಕೆ ನಿಂತಿತು. ಪಾಚಿ ಕಾಯಲಿಲ್ಲ. ಮೂಲೆಯಲ್ಲಿದ್ದ ಒಣ ಪೊರಕೆಯ ಮರದ ಹಿಡಿಯಿಂದ ಮೊದಲ ಗುಂಡಿ ಚುಚ್ಚಿದಳು. ಎರಡನೆಯದು ಚುಚ್ಚಿದಳು. ಮೂರನೆಯದನ್ನು ಪಂಪಣ್ಣ ಒತ್ತಿದ.

ಸದ್ದು ಇಳಿಯಿತು. ಇಳಿದು ಇಳಿದು ಸತ್ತಿತು. ಹದಿನಾರು ವರ್ಷದಲ್ಲಿ ಅವಳು ಮೊದಲ ಸಲ ಆ ಕಟ್ಟಡದೊಳಗೆ ತನ್ನ ಉಸಿರಿನ ಸದ್ದು ಕೇಳಿದಳು.

"ಆನ್ ಮಾಡೋ!" ಲ್ಯಾಬ್ ಸಾಹೇಬ ಕೂಗಿದ.

ಪಂಪಣ್ಣ ಗುಂಡಿಗಳಿಗೆ ಬೆನ್ನು ಕೊಟ್ಟು ಕೂತುಬಿಟ್ಟ. "ಬೋರ್ಡು ನೋಡಿ ಸಾರ್. ಕೆಲಸದಲ್ಲಿ ಇರೋರು ಯಾರೇ ಆಗ್ಲಿ ಅಂತಿದೆ. ಅವಳೂ ಕೆಲಸದಲ್ಲಿದ್ದಾಳೆ, ನಾನೂ ಇದ್ದೀನಿ." ಬೀಡಿ ಹುಡುಕಿ, ಸಿಗದೆ, ಬರೀ ಕೈ ಬಾಯಿಗಿಟ್ಟುಕೊಂಡ.

ಕಾಲು ಗಂಟೆ ಕಳೆಯಿತು. ಆಫೀಸಿನಲ್ಲಿ ಫೋನ್ ಬಡಿದುಕೊಂಡಿತು. ನಿಂತಿತು. ಮತ್ತೆ ಬಡಿದುಕೊಂಡಿತು. ಊರಿನಲ್ಲಿ ನಲ್ಲಿಗಳು ಒಣಗುತ್ತಿದ್ದವು. ಲ್ಯಾಬ್ ಸಾಹೇಬ ಫೋನಿನ ಮುಂದೆ ನಿಂತು ಎತ್ತಲಿಲ್ಲ. ಎತ್ತಿದರೆ ಏನಾದರೂ ಹೇಳಬೇಕಲ್ಲ.

ಪಾಚಿ ಆಫೀಸಿಗೆ ನಡೆದಳು. ಹೊಳೆಯುವ ನೆಲದ ಮೇಲೆ ಹೆಜ್ಜೆ ಮೂಡಿತು. ಫೋನ್ ಎತ್ತಿದಳು. ಹೇಗೆ ಹಿಡಿಯಬೇಕೆಂದು ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ಹಿಡಿದಳು.

"ಏನ್ರೀ ನೀರು ನಿಂತಿದೆ?" ಹೆಂಗಸಿನ ದನಿ. ಹಿಂದೆ ಮಗು ಅಳುತ್ತಿತ್ತು. "ಹೇಳದೆ ಕೇಳದೆ ನಿಲ್ಸಿಬಿಟ್ರೆ ನಾವೇನು ಮಾಡ್ಬೇಕು? ಬಟ್ಟೆ ನೆನೆಸಿದ್ದೀನಿ, ಮಗೂಗೆ ಸ್ನಾನ ಆಗಿಲ್ಲ!"

"ನೀರು ಕೆಟ್ಟಿದೆ ತಾಯಿ. ನಾನೇ ನಿಲ್ಸಿದ್ದು. ಮನೇಲಿ ತುಂಬಿಟ್ಟಿರೋದನ್ನೂ ಚೆಲ್ಲಿಬಿಡಿ. ಕುದಿಸಿದ್ರೂ ಪ್ರಯೋಜನ ಇಲ್ಲ. ಮಗೂಗೆ ಕೊಡ್ಬೇಡಿ."

ಆ ಕಡೆ ಹೆಂಗಸು ಮಗುವನ್ನು ಎತ್ತಿಕೊಂಡ ಸದ್ದು. ಅಳು ಹತ್ತಿರವಾಯಿತು.

"ಕೆಟ್ಟಿದೆ ಅಂದ್ರೆ? ಇವತ್ತು ಕೆಟ್ಟಿದ್ದಾ? ಯಾವತ್ತಿಂದ?"

ಲ್ಯಾಬ್ ಸಾಹೇಬ ಎರಡೂ ಕೈ ಜೋಡಿಸಿದ್ದ. ತುಟಿ ಮಾತ್ರ ಆಡುತ್ತಿತ್ತು. ಇವತ್ತು ಅನ್ನು. ಇವತ್ತು ಅಂತ ಹೇಳು. ಹೇಳಿದರೆ ಅವನು ಉಳಿಯುತ್ತಿದ್ದ. ಪಾಚಿಯೂ ಉಳಿಯುತ್ತಿದ್ದಳು. ಕಪ್ಪು ಮೀನು ತಂದು ಹಾಕಿದ ಕೈ ಅವಳದೇ. ಅದು ಆ ಹೆಂಗಸಿಗೆ ಗೊತ್ತಿರಲಿಲ್ಲ, ಊರಿಗೂ ಗೊತ್ತಿರಲಿಲ್ಲ.

"ಎರಡು ತಿಂಗಳಿಂದ" ಅಂದಳು ಪಾಚಿ. "ಗೊತ್ತಾಗದ ಹಾಗೆ ಮುಚ್ಚಿಟ್ಟಿದ್ರು. ಮುಚ್ಚಿಡೋಕೆ ಮೀನು ಬದಲಾಯ್ಸಿದ್ದು ನಾನು. ಬನ್ನಿ ಇಲ್ಲಿಗೆ. ಬೀದಿಯವ್ರನ್ನೆಲ್ಲ ಕರ್ಕೊಂಡು ಬನ್ನಿ. ಸತ್ತ ಮೀನು ತೆಗೆದಿಲ್ಲ, ತೊಟ್ಟೀಲೇ ಇವೆ. ಬಂದು ನೋಡಿ. ಆಮೇಲೆ ನಂಗೆ ಏನು ಬೇಕಾದ್ರೂ ಅನ್ನಿ."

ಫೋನ್ ಇಟ್ಟಳು. ಅದು ಮತ್ತೆ ಹೊಡೆದುಕೊಳ್ಳತೊಡಗಿತು.

ಅವಳು ಮತ್ತೆ ಎತ್ತಿದಳು.